ಬೀಜಿಂಗಿನ ಟಿಯಾನ್‌ಟಾನ್: ದಕ್ಷಿಣದ ಬಾಗಿಲಿಂದ ಒಳಗೆ ಹೋಗಿ

ಬೀಜಿಂಗಿಗೆ ಹೋದವರೆಲ್ಲ ಟಿಯಾನ್‌ಟಾನ್, ಅಂದರೆ ಆಕಾಶದ ಗುಡಿ, ನೋಡಿಯೇ ಬರುತ್ತಾರೆ. ನೀಲಿ ಹೆಂಚಿನ ಮೂರು ಮಾಡಿನ ದುಂಡು ಕಟ್ಟಡ, ಅದರ ಮುಂದೆ ಒಂದು ಫೋಟೋ, ಅಲ್ಲಿಗೆ ಮುಗೀತು. ಐದನೇ ಲೈನಿನ ಮೆಟ್ರೋ ಪೂರ್ವದ ಬಾಗಿಲ ಪಕ್ಕದಲ್ಲೇ ಇಳಿಸುವುದರಿಂದ ಹೆಚ್ಚಿನವರು ಅಲ್ಲಿಂದಲೇ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ಪುಹುವಾಂಗ್ಯು ಸ್ಟೇಷನ್ನಿನಲ್ಲಿ ಹದಿನಾಲ್ಕನೇ ಲೈನಿಗೆ ಬದಲಾಯಿಸಿ, ಜಿಂಗ್‌ಟಾಯ್‌ನಲ್ಲಿ ಇಳಿದು ಉತ್ತರಕ್ಕೆ ನಡೆಯಿರಿ. ದಕ್ಷಿಣದ ಬಾಗಿಲು ಸಿಗುತ್ತದೆ. ಸ್ವಲ್ಪ ಕಾಲು ನೋಯುತ್ತದೆ, ಆದರೆ ಇಡೀ ಜಾಗದ ಲೆಕ್ಕಾಚಾರ ಅರ್ಥವಾಗುವುದು ಈ ದಾರಿಯಲ್ಲೇ.

ಮೊದಲು ಸಿಗುವುದು ಮಾಡೇ ಇಲ್ಲದ, ಮೂರು ಹಂತದ ದುಂಡು ಕಲ್ಲಿನ ಜಗಲಿ. ಚಳಿಗಾಲದ ಅಯನದ ದಿನ, ಅಂದರೆ ವರ್ಷದ ಅತಿ ಚಿಕ್ಕ ಹಗಲಿನ ದಿನ, ಬೆಳಕು ಹರಿಯುವ ಮೊದಲು ಚಕ್ರವರ್ತಿ ಆಕಾಶಕ್ಕೆ ಪೂಜೆ ಮಾಡುತ್ತಿದ್ದದ್ದು ಇಲ್ಲಿ. ಮೇಲಿನ ಹಂತದ ನಡುವೆ ಒಂದು ದುಂಡು ಕಲ್ಲಿದೆ. ಅದರ ಸುತ್ತ 9 ಚಪ್ಪಡಿ, ಮುಂದಿನ ಸುತ್ತಿಗೆ 18, ಆಮೇಲೆ 27. ಹೀಗೆ ಒಂಬತ್ತರ ಮಗ್ಗಿ ಕೆಳಗಿನ ಹಂತದ ಕೊನೆಯ ಸುತ್ತಿನಲ್ಲಿ 243ಕ್ಕೆ ಮುಟ್ಟುತ್ತದೆ. ನಾನು ಬಗ್ಗಿ ಮೂರು ಸುತ್ತು ಎಣಿಸಿದೆ, ಸರಿಯಾಗಿಯೇ ಇತ್ತು. ನಡುವಿನ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಬಚಾವ್.

ಅರಮನೆಯಲ್ಲಿ ಚಕ್ರವರ್ತಿ ಕೂರುವುದು ದಕ್ಷಿಣಕ್ಕೆ ಮುಖ ಮಾಡಿ, ಉಳಿದವರೆಲ್ಲ ಅವನೆದುರು ಉತ್ತರಕ್ಕೆ ತಿರುಗಿ ಅಡ್ಡಬೀಳಬೇಕು. ಈ ಜಗಲಿಯ ಮೇಲೆ ಎಲ್ಲ ತಿರುವುಮುರುವು. ಆಕಾಶದ ಹೆಸರಿನ ಫಲಕ ಉತ್ತರದಲ್ಲಿ, ಅಡ್ಡಬೀಳುವ ಸರದಿ ಅವನದು. ಅದಕ್ಕೇ ದಕ್ಷಿಣದಿಂದ ಬನ್ನಿ ಅಂದದ್ದು. ಅವನು ನೋಡುತ್ತಿದ್ದ ದಿಕ್ಕೇ ನಿಮ್ಮ ಎದುರಿಗೂ ಇರುತ್ತದೆ.

ಮುಂದಿನದು ಪ್ರತಿಧ್ವನಿ ಗೋಡೆ. ಈ ದುಂಡು ಗೋಡೆಯ ಒಂದು ಕಡೆ ಪಿಸುಗುಟ್ಟಿದರೆ ಇನ್ನೊಂದು ಕಡೆ ಕೇಳಿಸುತ್ತದೆ ಅಂತಾರೆ. ಜನ ಕೂಗಾಡುವ ಹೊತ್ತಿನಲ್ಲಿ ಅಲ್ಲಿ ಪಿಸುಮಾತು ಕೇಳಿಸೀತೇ? ನನಗಂತೂ ಏನೂ ಕೇಳಿಸಲಿಲ್ಲ, ಮುಂದೆ ನಡೆದೆ.

ಅಲ್ಲಿಂದ ಸುಮಾರು 360 ಮೀಟರ್ ಉದ್ದದ ಎತ್ತರಿಸಿದ ಕಲ್ಲುದಾರಿ. ಉತ್ತರಕ್ಕೆ ಹೋದಂತೆ ಏರುತ್ತಾ ಹೋಗುತ್ತದೆ. ಏರು ಎಷ್ಟು ನಿಧಾನ ಎಂದರೆ, ಪಕ್ಕದ ಮರಗಳ ತಲೆ ಕೆಳಗಿಳಿದದ್ದು ನೋಡಿದಾಗಲೇ ಹತ್ತಿದ್ದು ಗೊತ್ತಾಗುವುದು. ನಡುವಿನ ಪಟ್ಟಿ ದೇವರಿಗೆ, ಪೂರ್ವದ್ದು ಚಕ್ರವರ್ತಿಗೆ, ಪಶ್ಚಿಮದ್ದು ರಾಜಮನೆತನದವರಿಗೆ ಮತ್ತು ಅಧಿಕಾರಿಗಳಿಗೆ. ಈಗ ನಡುವೆಯೇ ಎಲ್ಲರ ಸೆಲ್ಫಿ. ಬಲಿಯ ಪ್ರಾಣಿಗಳಿಗೆ ಈ ದಾರಿಯ ಅಡಿಯಲ್ಲೇ ಒಂದು ಸುರಂಗ ಬೇರೆ ಇದೆ.

ಕೊನೆಗೆ ಆ ನೀಲಿ ಕಟ್ಟಡ, ಒಳ್ಳೆಯ ಬೆಳೆಗಾಗಿ ಬೇಡಿಕೊಳ್ಳುತ್ತಿದ್ದ ಜಾಗ. ಎತ್ತರ 38 ಮೀಟರ್. 1420ರಲ್ಲಿ ಯೋಂಗ್ಲೆ ಚಕ್ರವರ್ತಿಯ ಕಾಲದಲ್ಲಿ ಇಲ್ಲಿ ಮೊದಲು ಗುಡಿ ಎದ್ದಿತು. ಈಗ ನಾವು ನೋಡುವುದು 1889ರಲ್ಲಿ ಸಿಡಿಲಿಗೆ ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದ್ದು. ಒಳಗೆ 28 ಕಂಬ: ನಾಲ್ಕು ಋತುಗಳಿಗೆ 4, ತಿಂಗಳುಗಳಿಗೆ 12, ಹಳೆಯ ಚೀನೀ ಲೆಕ್ಕದ ದಿನದ ಹನ್ನೆರಡು ಜಾವಗಳಿಗೆ 12. ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ಇಣುಕಬೇಕು. ಒಂದು ಸಣ್ಣ ಬೈನಾಕ್ಯುಲರ್ ಇದ್ದರೆ ಮಾಡಿನ ಒಳಗಿನ ಚಿತ್ತಾರ ಚೆನ್ನಾಗಿ ಕಾಣುತ್ತದೆ.

ಪೂರ್ವದ ಬಾಗಿಲಿಂದ ಹೊರಬನ್ನಿ. ದಾರಿಯಲ್ಲಿ ಸಿಗುವ ಉದ್ದನೆಯ ಪಡಸಾಲೆಯಲ್ಲಿ ಅಜ್ಜ ಅಜ್ಜಿಯರು ಇಸ್ಪೀಟು ಆಡುತ್ತಾ, ಹಾಡುತ್ತಾ ಇರುತ್ತಾರೆ. ಅಲ್ಲಿ ಸುಮ್ನೆ ಅರ್ಧ ಗಂಟೆ ಕೂತುಬಿಡಿ, ಕಾಲಿಗೂ ಆರಾಮ.

ಟಿಕೆಟ್ ಬಗ್ಗೆ ಒಂದು ಮಾತು. ಬರೀ ಪಾರ್ಕ್ ಪ್ರವೇಶದ್ದು ಬೇರೆ, ಒಳಗಿನ ಮೂರೂ ಜಾಗ ಸೇರಿದ ಟಿಕೆಟ್ ಬೇರೆ. ಎರಡನೆಯದನ್ನೇ ತಗೊಳ್ಳಿ. ಸೋಮವಾರ ಸಾಮಾನ್ಯವಾಗಿ ಒಳಗಿನ ಕಟ್ಟಡಗಳು ಮುಚ್ಚಿರುತ್ತವೆ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಚೀನಾದಲ್ಲಿ ಫೋನಿನಲ್ಲೇ ಹಣ ಕೊಡುವ ಆ್ಯಪ್ ಅಲಿಪೇಗೆ ಕಾರ್ಡ್ ಜೋಡಿಸುವ ಕೆಲಸ ಊರಲ್ಲೇ ಮುಗಿಸಿಕೊಂಡು ಹೊರಡಿ.

ಸಮಯ ಇದ್ದರೆ ಇನ್ನೊಂದು ಜಾಗ ಸೇರಿಸಿಕೊಳ್ಳಿ. 1530ರಲ್ಲಿ ಜಿಯಾಜಿಂಗ್ ಚಕ್ರವರ್ತಿ ಆಕಾಶದ ಪೂಜೆ, ಭೂಮಿಯ ಪೂಜೆ ಎರಡನ್ನೂ ಬೇರೆ ಮಾಡಿದ. ಊರಿನ ದಕ್ಷಿಣಕ್ಕೆ ಆಕಾಶ, ಉತ್ತರಕ್ಕೆ ಭೂಮಿ, ಪೂರ್ವಕ್ಕೆ ಸೂರ್ಯ, ಪಶ್ಚಿಮಕ್ಕೆ ಚಂದ್ರ. ಉತ್ತರದ ಡಿಟಾನ್‌ಗೆ, ಅಂದರೆ ಭೂಮಿಯ ಗುಡಿಗೆ, ಅದೇ ಐದನೇ ಲೈನಿನಲ್ಲಿ ಯೋಂಗ್‌ಹೆಗೊಂಗ್ ತನಕ ಹೋದರೆ ಆಯಿತು. ಬೆಳಿಗ್ಗೆ ಕಂಡದ್ದೆಲ್ಲ ಇಲ್ಲಿ ಉಲ್ಟಾ. ಜಗಲಿ ಚೌಕ, ಹಂತ ಎರಡೇ, ಲೆಕ್ಕ ಒಂಬತ್ತರ ಬದಲು ಸಮಸಂಖ್ಯೆಯದು, ಹೆಂಚು ಹಳದಿ, ಪೂಜೆ ಬೇಸಿಗೆಯ ಅಯನಕ್ಕೆ, ಹತ್ತಿ ಹೋಗುವುದೂ ಉತ್ತರದಿಂದ. ನೋಡಲು ಅಂಥ ಭವ್ಯವೇನಲ್ಲ. ಆದರೆ ಎರಡನ್ನೂ ಒಂದೇ ದಿನ ನೋಡಿದರೇ ಮಜಾ. ಸ್ಟೇಷನ್ ಸುತ್ತಮುತ್ತ ಸಸ್ಯಾಹಾರಿ ಹೋಟೆಲ್‌ಗಳೂ ಇವೆ, ಮಧ್ಯಾಹ್ನದ ಊಟ ಅಲ್ಲೇ ಮಾಡಬಹುದು. ಸೂರ್ಯ, ಚಂದ್ರರ ಜಾಗಗಳು ಈಗ ಹೆಚ್ಚುಕಡಿಮೆ ವಾಕಿಂಗ್ ಪಾರ್ಕುಗಳು. ಬಿಟ್ಟರೂ ನಷ್ಟವಿಲ್ಲ.