ಆತ್ಮಕ್ಕೆ ಹಲ್ಲಿರುತ್ತಾ?

"ಅಪ್ಪಾ, ಆತ್ಮಕ್ಕೆ ಹಲ್ಲಿರುತ್ತಾ?"

ವಡೆ ತಟ್ಟುತ್ತಿದ್ದ ನನ್ನ ಕೈ ನಿಂತಿತು. ಮಗಳಿಗೆ ಏಳು ವರ್ಷ. ಸತ್ತವರಿಗೆ ಮೈ ಇರಲ್ಲ, ಆತ್ಮ ಮಾತ್ರ ಇರುತ್ತೆ ಅಂತ ಹಿಂದಿನ ರಾತ್ರಿ ನಾನೇ ಹೇಳಿದ್ದೆ. ಮೈಯೇ ಇಲ್ಲ ಅಂದ್ಮೇಲೆ ವಡೆ ಯಾಕೆ ಅನ್ನೋದು ಅವಳ ಲೆಕ್ಕ. ಸರಿಯಾದ ಲೆಕ್ಕವೇ. "ಅಮ್ಮನ್ನ ಕೇಳು ಹೋಗು" ಅಂದು ತಪ್ಪಿಸಿಕೊಂಡೆ.

2025ರ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ, ಭಾನುವಾರ ಬಂದಿತ್ತು. ರಜೆ ಹಾಕದೆ ಎಡೆ ಇಡೋ ಭಾಗ್ಯ ಈ ಮ್ಯೂನಿಕ್‌ನಲ್ಲಿ ಎಲ್ಲ ವರ್ಷ ಸಿಗಲ್ಲ. ಹಿಂದಿನ ದಿನವಷ್ಟೇ ಅಕ್ಟೋಬರ್‌ಫೆಸ್ಟ್ ಶುರುವಾಗಿ ಊರೆಲ್ಲ ಬಿಯರ್ ಜಾತ್ರೆ. ನಮ್ಮ ಮನೆಯಲ್ಲಿ ಕುಂಬಳಕಾಯಿ ಹೆಚ್ಚು, ಅವ್ವನ ಸೀರೆ ಮಡಿಸಿಡು, ಧೂಪ ಹಾಕಿದಾಗ ಅಲಾರಂ ಕೂಗದಿರಲಿ ಅಂತ ಅದಕ್ಕೊಂದು ಪ್ಲಾಸ್ಟಿಕ್ ಟೋಪಿ ಕಟ್ಟು. ಅಷ್ಟರಲ್ಲಿ ಮಂಡ್ಯದಿಂದ ತಮ್ಮ ಫೋನ್ ಮಾಡಿದ. ಅಲ್ಲಿ ಮೂರೂವರೆ ಗಂಟೆ ಮುಂದೆ, ಎಡೆ ಇಟ್ಟು ಬಾಗಿಲೂ ಹಾಕಿಯಾಗಿತ್ತು. "ಅಲ್ಲಿ ಉಂಡು ಇಲ್ಲಿಗೆ ಬರೋಕೆ ಅತ್ತೆಗೆ ಟೈಮಿದೆ ಬಿಡಿ" ಅಂತ ಹೆಂಡತಿ ನಕ್ಕಳು.

ಎಲ್ಲ ಇತ್ತು. ವೀಳ್ಯದೆಲೆ ಇರಲಿಲ್ಲ. ಶನಿವಾರ ಸಂಜೆ ಹೋದಾಗ ಅಂಗಡಿಯಲ್ಲಿ ಖಾಲಿ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳಿಗೆಲ್ಲ ಬೀಗ. ಬೇರೆ ಯಾರಿಗಾದರೂ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಅವ್ವನಿಗೆ ಎಲೆಅಡಿಕೆ ಇಲ್ಲದ ಎಡೆಯಾ?

ಹೀಗೆ ಪರದಾಡೋಕೆ ನನಗೆ ಯಾವ ಮುಖ ಇತ್ತೋ. ಅವಳು ಹೋಗುವ ಹಿಂದಿನ ವರ್ಷ ಊರಿಗೆ ಹೋದಾಗ ಅವಳ ಎಲೆಅಡಿಕೆ ಚೀಲ ಕಿತ್ತು ಅಟ್ಟದ ಮೇಲೆ ಎಸೆದಿದ್ದೆ. ಬಾಯಿ ಕ್ಯಾನ್ಸರ್ ಬಗ್ಗೆ ಅರ್ಧ ಗಂಟೆ ಭಾಷಣ ಬೇರೆ. ಅವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡು "ಆಯ್ತು ಬುಡು ಮಗ" ಅಂದಳು. ನಾನಿದ್ದ ಇಪ್ಪತ್ತು ದಿನ ಒಂದು ಎಲೆ ಮುಟ್ಟಲಿಲ್ಲ. ನನ್ನ ಕಾರು ಬೀದಿ ತಿರುಗುತ್ತಿದ್ದಂತೆ ಏಣಿ ಹಾಕಿಸಿ ಚೀಲ ಇಳಿಸಿಕೊಂಡಳಂತೆ. ತಮ್ಮ ಹೇಳಿದಾಗ ಸಿಟ್ಟು ಬಂದಿತ್ತು. ಅವಳು ಮಾತು ತಪ್ಪಿದಳು ಅಂತ. ನಾನು ಹೇಳಿದ್ದು ತಪ್ಪಲ್ಲ, ಈಗಲೂ ಹಾಗೇ ಅನ್ನಿಸುತ್ತೆ. ಆದರೆ ಕಿತ್ತುಕೊಂಡ ಕೈ ಇತ್ತಲ್ಲ, ಅದರಲ್ಲಿ ಅವ್ವನ ಮೇಲಿನ ಪ್ರೀತಿ ಎಷ್ಟು, ದೂರದಿಂದ ಬಂದ ದೊಡ್ಡ ಮನುಷ್ಯನ ಜಂಬ ಎಷ್ಟು? ಒಳ್ಳೆಯವನಾಗಿದ್ದವನು ನಾನಾ, ಮಗನ ಮನಸ್ಸು ನೋಯದಿರಲಿ ಅಂತ ಇಪ್ಪತ್ತು ದಿನ ಬಾಯಿ ಕಟ್ಟಿದ ಅವಳಾ?

ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರು. ವಡೆಯ ವಾಸನೆಗೆ ಏನು ವಿಶೇಷ ಅಂದರು. ಹೆಂಡತಿ ತನ್ನ ಹರಕು ಜರ್ಮನ್‌ನಲ್ಲಿ ಎಡೆ, ಅತ್ತೆ, ಎಲೆ ಎಲ್ಲ ಹೇಳಿ ಫೋನಿನಲ್ಲಿ ವೀಳ್ಯದೆಲೆ ತೋರಿಸಿದಳು. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮವರು ಬರೋದು ನವೆಂಬರ್ 2ಕ್ಕೆ" ಅಂದರು. ಅದು ಕ್ಯಾಥೊಲಿಕರ ಆತ್ಮಗಳ ದಿನ. ಗಂಡನ ಸಮಾಧಿ ಮೇಲೆ ಕೆಂಪು ಗಾಜಿನ ದೀಪ ಇಡುತ್ತಾರಂತೆ. ಆಗ ಇಲ್ಲಿ ಜಡೆಯ ಹಾಗೆ ಹೆಣೆದ ಸಿಹಿ ಬ್ರೆಡ್ ಮಾಡುತ್ತಾರೆ, ಅದಕ್ಕೆ 'ಆತ್ಮದ ಜಡೆ' ಅಂತಲೇ ಹೆಸರು. ಹಲ್ಲಿನ ಪ್ರಶ್ನೆ ಅವರನ್ನೂ ತಡೆದಂತಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ನಾಲ್ಕು ಎಲೆ ಕೊಟ್ಟರು. ಅಂಗಳದ ಲಿಂಡೆನ್ ಮರದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಟ್ಟೆಲ್ಲ ಒಂದೇ ಕಡೆಗೆ ಜೋಡಿಸಿ ತಂದಿದ್ದರು. ಆಕಾರ ಥೇಟ್ ವೀಳ್ಯದೆಲೆ. ಅಂಚಿಗೆ ಮಾತ್ರ ಸಣ್ಣ ಗರಗಸ.

"ಇದು ಅಜ್ಜಿಗೆ ಮೋಸ ಅಲ್ವಾ?" ಅಂದಳು ಮಗಳು. ನನಗೂ ಹಾಗೇ ಅನ್ನಿಸಿತ್ತು. ಆದರೂ ಎರಡು ಎಲೆ ತೆಗೆದು, ಮೇಲೆ ಅಡಿಕೆ ಇಟ್ಟೆ. ಧೂಪ ಹಾಕಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಮಗಳು ಬಾಗಿಲಿಗೆ ಕಿವಿ ಇಟ್ಟಳು. "ಅಗಿಯೋ ಸದ್ದೇ ಇಲ್ಲ."

"ಅಜ್ಜಿಗೆ ಇದ್ದಾಗಲೇ ಹಲ್ಲಿರಲಿಲ್ಲ ಕಣೇ. ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಹಾಕ್ಕೋತಿದ್ಲು."

"ಹಾಗಾದ್ರೆ ಕುಟ್ಟೋ ಸದ್ದು ಕೇಳ್ಬೇಕು" ಅಂತ ಮತ್ತೆ ಕಿವಿ ಇಟ್ಟಳು. ಅವಳ ತಲೆಯ ಮೇಲೆ ಜಾಗ ಇತ್ತು. ನಾನೂ ಬಗ್ಗಿ ಇಟ್ಟೆ.