ಮೊದಲು ಹೊದಿಕೆ, ಆಮೇಲೆ ಸೋಲಾರ್

ಬೆಂಗಳೂರಿನವರಿಗೆ ಸೋಲಾರ್ ಹೀಟರ್ ಹೊಸತಲ್ಲ. ತಾರಸಿಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಗಾಜಿನ ಪ್ಯಾನಲ್, ಪಕ್ಕದಲ್ಲಿ ಟ್ಯಾಂಕು, ಬೆಳಗ್ಗೆ ಸ್ನಾನಕ್ಕೆ ಬಿಸಿ ಬಿಸಿ ನೀರು. ಮೆಲ್ಬರ್ನ್‌ನಲ್ಲಿ ನಮ್ಮ ಹಿತ್ತಲಿನ ಈಜುಕೊಳಕ್ಕೆ ಸೋಲಾರ್ ಹಾಕಿಸಲು ಹೊರಟಾಗ ಲೆಕ್ಕವೆಲ್ಲ ಬೇರೆಯೇ ಆಯಿತು. ಇಲ್ಲಿ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ. ಗಾಜೂ ಬೇಡ, ಟ್ಯಾಂಕೂ ಬೇಡ. ಮಾಡಿನ ಮೇಲೆ ಕಪ್ಪು ರಬ್ಬರಿನ ಸಣ್ಣ ಕೊಳವೆಗಳ ಪಟ್ಟಿಗಳನ್ನು ಹಾಸುತ್ತಾರೆ. ಕೊಳದ ನೀರನ್ನೇ ಪಂಪು ಮೇಲಕ್ಕೇರಿಸಿ ಅದರೊಳಗೆ ಹಾಯಿಸಿ ಇಳಿಸುತ್ತದೆ.

ಸ್ನಾನದ ನೀರನ್ನು 60 ಡಿಗ್ರಿಗೆ ಕಾಯಿಸುತ್ತೇವೆ, ಈಜಲು 28 ಸಾಕು. ಸುತ್ತಲಿನ ಗಾಳಿಗಿಂತ ತುಸುವೇ ಬೆಚ್ಚಗಿರುವ ನೀರಿನಿಂದ ಶಾಖ ಸೋರುವುದು ಕಡಿಮೆ, ಆದ್ದರಿಂದಲೇ ಗಾಜಿನ ಖರ್ಚು ಉಳಿಯುತ್ತದೆ. ಮಾಡಿನಿಂದ ಮರಳುವ ನೀರು ಕೈಗೆ ಉಗುರುಬೆಚ್ಚಗೂ ಅನ್ನಿಸುವುದಿಲ್ಲ. ಅದು ದೋಷವಲ್ಲ, ನೀರು ಜೋರಾಗಿ ಹರಿದಷ್ಟೂ ಒಟ್ಟು ಶಾಖ ಹೆಚ್ಚು ಸಿಗುತ್ತದೆ.

ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕೊಳವೆಂದರೆ ಸುಮಾರು 45 ಸಾವಿರ ಲೀಟರ್ ನೀರು. ಅದನ್ನು ಒಂದೇ ಒಂದು ಡಿಗ್ರಿ ಏರಿಸಲು 52 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಇನ್ನೊಂದು ಕಡೆ, ಐದು ಮಿಲಿಮೀಟರ್ ನೀರು ಆರಿಹೋದರೆ 160 ಲೀಟರಿನ ಜೊತೆ 100 ಯೂನಿಟ್‌ಗೂ ಹೆಚ್ಚು ಶಾಖ ಹೋದಂತೆ, ಅಂದರೆ ಎರಡು ಡಿಗ್ರಿ! ಗಾಳಿ ಬೀಸುವ ಊರಿದು. ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ನೀರಿನ ಮೇಲೆ ಹಾಸುವ ಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆಯ ಮಾತನ್ನೇ. ಅದಿಲ್ಲದೆ ಹಗಲು ಗಳಿಸಿದ್ದನ್ನು ರಾತ್ರಿ ಕಳೆದುಕೊಳ್ಳುತ್ತೀರಿ.

ಅಳತೆಯಲ್ಲಿ ಜಿಪುಣತನ ಬೇಡ. ಕೊಳದ ಮೇಲ್ಮೈಯ ಮುಕ್ಕಾಲು ಭಾಗದಷ್ಟಾದರೂ ಪಟ್ಟಿ ಬೇಕು, ಮೆಲ್ಬರ್ನ್‌ನ ಚಳಿಗೆ ಪೂರ್ತಿಯಾದರೆ ಇನ್ನೂ ಒಳ್ಳೆಯದು. ಇಷ್ಟಾದರೂ ಇಲ್ಲಿ ಚಳಿಗಾಲವಾದ ಜೂನ್, ಜುಲೈನಲ್ಲಿ ಈಜುವ ಆಸೆ ಬೇಡ. ಇದು ಬೇಸಿಗೆಯನ್ನು ಎರಡೂ ತುದಿಗಳಲ್ಲಿ ಹಿಗ್ಗಿಸುವ ಉಪಾಯ. ಬಿಳಿ ಕಾಕಟೂ ಗಿಳಿಗಳು ಬರುವ ಬೀದಿಯಾದರೆ ಇನ್ನೊಂದು ಯೋಚನೆ: ಅವು ರಬ್ಬರನ್ನು ಕಚ್ಚಿ ತೂತು ಮಾಡುತ್ತವೆ. ಅಂಥಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾನಲ್ಲಿಗೆ ಹೆಚ್ಚು ದುಡ್ಡು ಕೊಟ್ಟರೂ ಸರಿಯೇ.

ಕೊನೆಗೆ ಉಳಿದದ್ದು ಜಾಗದ ಪ್ರಶ್ನೆ. ಕರೆಂಟಿನ ಪ್ಯಾನಲ್ಲಿಗೂ ಉತ್ತರದ ಮಾಡೇ ಬೇಕಲ್ಲ! ಅದನ್ನು ಕರೆಂಟಿಗೆ ಬಿಟ್ಟು ಕೊಳಕ್ಕೆ ಪಶ್ಚಿಮದ ಮಾಡು ಕೊಟ್ಟೆವು, ಅಳತೆ ಹೆಚ್ಚಿಸಿ. ಮಧ್ಯಾಹ್ನದ ಮೇಲಿನ ಬಿಸಿಲು ಅಲ್ಲಿ ಚೆನ್ನಾಗಿ ಬೀಳುತ್ತದೆ, ಮಕ್ಕಳು ಶಾಲೆಯಿಂದ ಬಂದು ನೀರಿಗಿಳಿಯುವುದೂ ಆಗಲೇ.