ಡ್ಯಾಫ್ನಿ ಶೆಲ್ಡ್ರಿಕ್: ಸಾಕಿದ ಆನೆಗಳನ್ನು ಕಾಡಿಗೆ ಒಪ್ಪಿಸಿದವರು

ತಾಯಿಯನ್ನು ಕಳೆದುಕೊಂಡ ಎಳೆಯ ಆಫ್ರಿಕನ್ ಆನೆಮರಿಗೆ ಹಸುವಿನ ಹಾಲು ಒಗ್ಗುವುದಿಲ್ಲ. ಅದರಲ್ಲಿರುವ ಕೊಬ್ಬನ್ನು ಜೀರ್ಣಿಸಿಕೊಳ್ಳಲಾಗದೆ ಮರಿಗೆ ಭೇದಿ ಹತ್ತಿಕೊಳ್ಳುತ್ತದೆ, ಮೈಯ ನೀರಿನಂಶ ಬತ್ತುತ್ತದೆ, ನೂರು ಕಿಲೋಗೂ ಮಿಕ್ಕಿ ತೂಗುವ ಜೀವ ಕೆಲವೇ ದಿನಗಳಲ್ಲಿ ಕಣ್ಣೆದುರೇ ಸೊರಗಿ ಹೋಗುತ್ತದೆ. ಕಳೆದ ಶತಮಾನದ ನಡುಭಾಗದಲ್ಲಿ ಪೂರ್ವ ಆಫ್ರಿಕಾದ ವನಪಾಲಕರಿಗೆ ಇದು ಗೊತ್ತಿದ್ದ ಸಂಗತಿಯೇ ಆಗಿತ್ತು. ಹಾಗಾಗಿ ಎರಡು ವರ್ಷ ತುಂಬದ ತಬ್ಬಲಿ ಮರಿ ಸಿಕ್ಕಿದರೆ ಅದು ಉಳಿಯುವ ಆಸೆಯನ್ನು ಅವರು ಮೊದಲೇ ಬಿಟ್ಟುಬಿಡುತ್ತಿದ್ದರು. ಆ ಆಸೆಯನ್ನು ಬಿಡದ ಒಬ್ಬ ಹೆಂಗಸು, ಮನುಷ್ಯರ ಕೂಸುಗಳಿಗೆಂದು ಡಬ್ಬಿಯಲ್ಲಿ ಬರುವ ಹಾಲಿನಪುಡಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ, ಆನೆಹಾಲಿನ ಕೊಬ್ಬಿಗೆ ಹತ್ತಿರವಾದ ಕೊಬ್ಬು ಯಾವುದೆಂದು ಹುಡುಕುತ್ತ, ಕೊನೆಗೆ ಬಂದು ನಿಂತದ್ದು ಕೊಬ್ಬರಿ ಎಣ್ಣೆಯ ಬಳಿ. ತಲೆಗೂ ಒಗ್ಗರಣೆಗೂ ಅದನ್ನೇ ಬಳಸುವ ನಮ್ಮ ಕರಾವಳಿಯವರಿಗೆ ಈ ಮಾತು ಕೇಳಿ ಸಣ್ಣದೊಂದು ಹೆಮ್ಮೆ ಹುಟ್ಟಿದರೆ ತಪ್ಪಿಲ್ಲ. ಹಾಲಿನ ಪಾಕವೂ ಆರೈಕೆಯ ಕ್ರಮವೂ ಒಂದು ಹದಕ್ಕೆ ಬರಲು ಹಿಡಿದ ಕಾಲ ಸುಮಾರು 28 ವರ್ಷ.

ಆ ಹೆಂಗಸು ಡೇಮ್ ಡ್ಯಾಫ್ನಿ ಶೆಲ್ಡ್ರಿಕ್. 1934ರ ಜೂನ್ 4ರಂದು ಕೆನ್ಯಾದಲ್ಲಿ, ಅಲ್ಲಿ ನೆಲೆಸಿದ್ದ ಬಿಳಿಯರ ಕೃಷಿಕ ಕುಟುಂಬವೊಂದರಲ್ಲಿ ಹುಟ್ಟಿದ ಅವರು 2018ರ ಏಪ್ರಿಲ್ 12ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಪ್ರಾಣಿಶಾಸ್ತ್ರದ ಪದವಿಯಾಗಲಿ ಪಶುವೈದ್ಯದ ತರಬೇತಿಯಾಗಲಿ ಇಲ್ಲದ ಅವರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯ 2000ದಲ್ಲಿ ಪಶುವೈದ್ಯಶಾಸ್ತ್ರದ ಗೌರವ ಡಾಕ್ಟರೇಟ್ ನೀಡಿತು; 2006ರಲ್ಲಿ ಡೇಮ್ ಎಂಬ ಬಿರುದು ಬಂತು. ಬಿರುದುಗಳ ಪಟ್ಟಿ ಇನ್ನೂ ಇದೆ, ಆದರೆ ಅವರನ್ನು ನೆನೆಯಬೇಕಾದದ್ದು ಅದಕ್ಕಾಗಿ ಅಲ್ಲ. ಆನೆಯನ್ನು ಪ್ರೀತಿಸಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಪ್ರೀತಿಯನ್ನು ಎಲ್ಲಿ ತಡೆಹಿಡಿಯಬೇಕು ಎಂಬುದನ್ನು ಒಂದು ಕಠಿಣ ಪಾಠದ ಮೂಲಕ ಕಲಿತು, ಕಲಿತದ್ದನ್ನು ದಿನನಿತ್ಯದ ಕೆಲಸದ ಕ್ರಮವಾಗಿ ಮಾರ್ಪಡಿಸಿದವರು ಡ್ಯಾಫ್ನಿ. ನನ್ನ ಮಟ್ಟಿಗೆ ಅವರ ದೊಡ್ಡಸ್ತಿಕೆ ಇರುವುದು ಅಲ್ಲಿ.

ಅವರ ಬದುಕಿನ ಬಹುಪಾಲು ಹೆಣೆದುಕೊಂಡದ್ದು ತ್ಸಾವೊ ಕಾಡಿನೊಂದಿಗೆ. 1948ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ತ್ಸಾವೊ, ಪೂರ್ವ ಮತ್ತು ಪಶ್ಚಿಮ ಭಾಗಗಳೆರಡೂ ಸೇರಿ 20,000 ಚದರ ಕಿಲೋಮೀಟರ್‌ಗೂ ದೊಡ್ಡದು. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನ 643 ಚದರ ಕಿಲೋಮೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಆ ಹರವು ಸ್ವಲ್ಪ ಅಂದಾಜಿಗೆ ಸಿಗುತ್ತದೆ. ಕೆಂಪು ಮಣ್ಣಿನ, ಮಳೆ ಕಡಿಮೆ ಬೀಳುವ, ಮುಳ್ಳುಪೊದೆಗಳ ಸೀಮೆ ಅದು. ಆ ಮಣ್ಣನ್ನೇ ಮೈಗೆಲ್ಲ ಎರಚಿಕೊಳ್ಳುವುದರಿಂದ ಅಲ್ಲಿನ ಆನೆಗಳೂ ಕೆಂಪಗೆ ಕಾಣುತ್ತವೆ. ತ್ಸಾವೊ ಪೂರ್ವ ಭಾಗದ ಮೊದಲ ವಾರ್ಡನ್ ಆಗಿದ್ದ ಡೇವಿಡ್ ಶೆಲ್ಡ್ರಿಕ್ ಅವರನ್ನು ಡ್ಯಾಫ್ನಿ 1960ರಲ್ಲಿ ಮದುವೆಯಾದರು. ಅದಕ್ಕೂ ಮೊದಲು ಅವರು ಮತ್ತೊಬ್ಬ ವಾರ್ಡನ್ ಬಿಲ್ ವುಡ್ಲಿ ಅವರ ಪತ್ನಿಯಾಗಿದ್ದರು.

ಆ ಕಾಲದ ತ್ಸಾವೊದಲ್ಲಿ ಆನೆಗಳು ಹೆಚ್ಚಾಗಿ ಮರಗಳನ್ನೆಲ್ಲ ಉರುಳಿಸುತ್ತಿವೆ, ಸಾವಿರಾರು ಆನೆಗಳನ್ನು ಗುಂಡಿಟ್ಟು ಕೊಂದು ಸಂಖ್ಯೆ ತಗ್ಗಿಸಬೇಕು ಎಂಬ ವಾದ ವಿಜ್ಞಾನಿಗಳ ನಡುವೆ ಬಲವಾಗಿತ್ತು. ರಿಚರ್ಡ್ ಲಾಸ್ ಎಂಬ ಜೀವಿವಿಜ್ಞಾನಿ ಈ ಪಕ್ಷದ ಮುಂದಾಳು. ಡೇವಿಡ್ ಇದನ್ನು ಒಪ್ಪಲಿಲ್ಲ. ಕಾಡು ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳಲಿ ಎಂದರು, ಕೊನೆಗೆ ಅವರ ಮಾತೇ ನಡೆಯಿತು. 1970-71ರಲ್ಲಿ ಭೀಕರ ಬರ ಬಂದು ಆರು ಸಾವಿರದಷ್ಟು ಆನೆಗಳು ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ತಾಯಾನೆಗಳು ಮತ್ತು ಮರಿಗಳು, ಏಕೆಂದರೆ ಚಿಕ್ಕ ಮರಿ ನೀರಿನಿಂದ ದೂರ ನಡೆಯಲಾರದು, ತಾಯಿ ಮರಿಯನ್ನು ಬಿಟ್ಟು ಮೇವು ಹುಡುಕಿ ಹೋಗಲೊಲ್ಲದು. ನದಿಯಲ್ಲಿ ನೀರಿದ್ದರೂ ದಡದ ಸುತ್ತ ಹಸಿರೆಲೆ ಉಳಿದಿರಲಿಲ್ಲ. ಅವು ಸತ್ತದ್ದು ಬಾಯಾರಿಕೆಯಿಂದಲ್ಲ, ಹಸಿವಿನಿಂದ. ಗುಂಡಿನ ಸಾವು ಮತ್ತು ಹಸಿವಿನ ಸಾವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ, ಮುಗಿಸುವ ಶಕ್ತಿ ನನಗೂ ಇಲ್ಲ. ಕಾಕತಾಳೀಯವೆಂಬಂತೆ ಅದೇ 1971ರಲ್ಲಿ ನಮ್ಮ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. ಕಾಡಾನೆಯನ್ನು ಹಿಡಿದು ಪಳಗಿಸುವ ಶತಮಾನದ ವಿದ್ಯೆ ಇಲ್ಲಿ ಮುಗಿಯುತ್ತಿದ್ದಾಗ, ತಬ್ಬಲಿಯನ್ನು ಸಾಕಿ ಮತ್ತೆ ಕಾಡಾನೆಯನ್ನಾಗಿಸುವ ವಿದ್ಯೆ ಅಲ್ಲಿ ಅಂಬೆಗಾಲಿಡುತ್ತಿತ್ತು.

ಆ ವಿದ್ಯೆಗೆ ಡ್ಯಾಫ್ನಿಯವರ ಮೊದಲ ಗುರುಗಳಲ್ಲಿ ಒಬ್ಬಳು ಎಲೆನರ್. 1961ರಲ್ಲಿ ಅವರ ಮಡಿಲಿಗೆ ಬಂದ ಈ ಹೆಣ್ಣಾನೆ ಬೆಳೆದಂತೆ, ಆಮೇಲೆ ಬಂದ ತಬ್ಬಲಿಗಳಿಗೆಲ್ಲ ತಾನೇ ತಾಯಿಯಾಗಿ ನಿಂತಿತು. ಆನೆಯ ಹಿಂಡಿನಲ್ಲಿ ಹಿರಿಯ ಹೆಣ್ಣಾನೆಯ ಸ್ಥಾನ ಎಂಥದ್ದು, ಹೊಸ ಮರಿಯನ್ನು ಉಳಿದವು ಹೇಗೆ ಸೊಂಡಿಲಿನಿಂದ ತಡವಿ ಬರಮಾಡಿಕೊಳ್ಳುತ್ತವೆ, ಮನುಷ್ಯರ ಸಹವಾಸದಲ್ಲಿ ಬೆಳೆದ ಆನೆಗೂ ಕಾಡಿನ ಬಂಧುಬಳಗ ಎಷ್ಟು ಅಗತ್ಯ ಎಂಬುದೆಲ್ಲವನ್ನೂ ಅವರು ಎಲೆನರ್‌ಳ ಬೆನ್ನ ಹಿಂದೆ ನಡೆದು ಕಲಿತರು. ಹಲವು ವರ್ಷಗಳ ಬಳಿಕ ಎಲೆನರ್ ಕಾಡಾನೆಗಳ ಜೊತೆ ಸೇರಿ ಹೊರಟುಹೋಯಿತು.

ಆದರೆ ನಿಜವಾದ ಪಾಠ ಕಲಿಸಿದ್ದು ಐಷಾ. ಎಪ್ಪತ್ತರ ದಶಕದಲ್ಲಿ ಬಂದ ಈ ತೀರಾ ಎಳೆಯ ಮರಿಗೆ ಕೊಬ್ಬರಿ ಎಣ್ಣೆ ಬೆರೆತ ಹಾಲು ಒಗ್ಗಿತು. ಭೇದಿ ನಿಂತಿತು, ಮೈ ತುಂಬಿಕೊಂಡಿತು. ಡ್ಯಾಫ್ನಿ ಹೋದಲ್ಲೆಲ್ಲ ನೆರಳಿನಂತೆ ಹಿಂಬಾಲಿಸುತ್ತಿತ್ತು. ಆನೆಮರಿಯನ್ನು ಉಳಿಸುವ ಗುಟ್ಟು ಕೊನೆಗೂ ಕೈಗೆ ಸಿಕ್ಕಿತು ಎಂದುಕೊಳ್ಳುವ ಹೊತ್ತಿಗೆ ಹಿರಿಯ ಮಗಳು ಜಿಲ್‌ಳ ಮದುವೆ ಗೊತ್ತಾಯಿತು. ಮದುವೆಯ ಕೆಲಸಕ್ಕೆಂದು ಮರಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಡ್ಯಾಫ್ನಿ ನೈರೋಬಿಗೆ ಹೋದರು. ಹಾಲು ಅದೇ, ಬಾಟಲಿ ಅದೇ, ಕುಡಿಸುವ ಹೊತ್ತೂ ಅದೇ. ಆದರೆ ಐಷಾ ಹಾಲು ಮುಟ್ಟಲಿಲ್ಲ; ತಾಯಿಯನ್ನು ಎರಡನೆಯ ಬಾರಿ ಕಳೆದುಕೊಂಡೆನೆಂದೇ ತಿಳಿದ ಆ ಮರಿ ದಿನದಿಂದ ದಿನಕ್ಕೆ ಸೊರಗಿ ಸತ್ತಿತು.

ಇಂಥ ಆಘಾತದ ನಂತರ ಮನುಷ್ಯರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ: ಇನ್ನು ಈ ಕೆಲಸವೇ ಬೇಡವೆನ್ನುವುದು, ಇಲ್ಲವೇ ಇನ್ನು ಮುಂದೆ ಒಂದು ಕ್ಷಣವೂ ಬಿಟ್ಟಿರುವುದಿಲ್ಲವೆಂದು ಪಣ ತೊಡುವುದು. ಡ್ಯಾಫ್ನಿ ಈ ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದರು. ಮರಿ ಒಬ್ಬರನ್ನೇ ಹಚ್ಚಿಕೊಳ್ಳಲು ಬಿಡಬಾರದು, ಹಲವರು ಸೇರಿ ಅದಕ್ಕೆ ಒಂದು ಕುಟುಂಬವಾಗಬೇಕು, ಆ ಹಲವರಲ್ಲಿ ಯಾರೊಬ್ಬರ ಅಗಲಿಕೆಯೂ ಅದರ ಜೀವಕ್ಕೆ ಎರವಾಗಬಾರದು ಎಂಬುದು ಅವರು ಕಂಡುಕೊಂಡ ನಿಯಮ. ಮರಿಯ ಪಾಲಿಗೆ ತಾನೇ ಸರ್ವಸ್ವವಾಗುವ ಸುಖವನ್ನು ಇದಕ್ಕಾಗಿ ಅವರು ಬಿಟ್ಟುಕೊಡಬೇಕಾಯಿತು. ಪ್ರಾಣಿ ಸಾಕಿದವರಿಗೆ ಇದು ಎಷ್ಟು ಕಷ್ಟದ ತ್ಯಾಗವೆಂದು ಗೊತ್ತಿರುತ್ತದೆ. ಮನೆಯ ನಾಯಿ ನಮ್ಮನ್ನು ಬಿಟ್ಟು ಬೇರೆಯವರ ಕೈಯಿಂದ ಅನ್ನ ತಿನ್ನುವುದಿಲ್ಲವೆಂದು ಬೀಗುವವರು ನಾವು.

ಡೇವಿಡ್ 1977ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅದೇ ವರ್ಷ ಅವರ ಹೆಸರಿನಲ್ಲಿ ಟ್ರಸ್ಟ್ ಒಂದನ್ನು ಕಟ್ಟಿದ ಡ್ಯಾಫ್ನಿ, ನೈರೋಬಿ ರಾಷ್ಟ್ರೀಯ ಉದ್ಯಾನದ ಒಳಗೇ ಮನೆ ಮಾಡಿಕೊಂಡು, ಅದರ ಪಕ್ಕದಲ್ಲಿ ತಬ್ಬಲಿ ಆನೆಮರಿಗಳ ಆರೈಕೆಯ ತಾಣವನ್ನು ಬೆಳೆಸಿದರು. ಅಲ್ಲಿನ ದಿನಚರಿಯನ್ನು ನೋಡಿದರೆ ಐಷಾಳ ಸಾವಿನ ಗುರುತು ಪ್ರತಿಯೊಂದರಲ್ಲೂ ಕಾಣುತ್ತದೆ. ಹಸಿರು ಕೋಟು ತೊಟ್ಟ ಪಾಲಕರು ಸರದಿಯ ಮೇಲೆ ಹಗಲಿಡೀ ಮರಿಗಳ ಜೊತೆ ಕಾಡಿನಲ್ಲಿ ಇರುತ್ತಾರೆ, ಮೂರು ಗಂಟೆಗೊಮ್ಮೆ ದೊಡ್ಡ ಬಾಟಲಿಗಳಲ್ಲಿ ಹಾಲು ಕೊಡುತ್ತಾರೆ. ರಾತ್ರಿ ಮರಿಯ ಕೊಟ್ಟಿಗೆಯಲ್ಲೇ ಒಬ್ಬ ಪಾಲಕ ಮಲಗುತ್ತಾನೆ, ಆದರೆ ನಿನ್ನೆ ಮಲಗಿದವನು ಇವತ್ತು ಆ ಕೊಟ್ಟಿಗೆಯಲ್ಲಿ ಇರುವುದಿಲ್ಲ. ಹಾಲು ಕುಡಿಯುವಾಗ ಮರಿ ತನ್ನ ಸೊಂಡಿಲನ್ನು ತಾಯಿಯ ಹೊಟ್ಟೆಗೆ ಆನಿಸಿಕೊಳ್ಳುವುದು ವಾಡಿಕೆ. ತಾಯಿ ಇಲ್ಲದಾಗ ಆ ಸೊಂಡಿಲಿಗೆ ಆಸರೆ ಸಿಗದೆ ಮರಿ ಬಾಟಲಿಯನ್ನೇ ತಳ್ಳಿಬಿಡುತ್ತದೆ. ಇದಕ್ಕೆ ಅಲ್ಲಿ ಕಂಡುಕೊಂಡ ಉಪಾಯ ಬಲು ಸರಳ: ಎತ್ತರದಲ್ಲಿ ಒಂದು ಕಂಬಳಿ ಇಳಿಬಿಡುವುದು, ಅದರ ಹಿಂದಿನಿಂದ ಪಾಲಕ ಬಾಟಲಿಯನ್ನು ಒಡ್ಡುವುದು. ಮರಿ ಕಂಬಳಿಗೆ ಸೊಂಡಿಲು ಆನಿಸಿ, ಕಣ್ಣು ಅರೆಮುಚ್ಚಿ ಹಾಲು ಹೀರುತ್ತದೆ. ಕಾಡಿನಲ್ಲಾದರೆ ಬಿಸಿಲಿನ ಹೊತ್ತು ಅದು ತಾಯಿಯ ನೆರಳಿನಲ್ಲೇ ಇರುವುದರಿಂದ ಅದರ ಕಿವಿಯ ತೆಳು ಚರ್ಮ ಬಿಸಿಲಿಗೆ ಪಕ್ಕಾಗಿರುವುದಿಲ್ಲ. ಆದ್ದರಿಂದ ತೀರಾ ಎಳೆಯ ಮರಿಗಳ ಕಿವಿಗೆ ಇಲ್ಲಿ ಸನ್‌ಸ್ಕ್ರೀನ್ ಹಚ್ಚುತ್ತಾರೆ, ಚಳಿಗೆ ಬೆನ್ನ ಮೇಲೆ ಕಂಬಳಿ ಕಟ್ಟುತ್ತಾರೆ. ನ್ಯುಮೋನಿಯಾ ಈ ಮರಿಗಳ ದೊಡ್ಡ ಶತ್ರು.

ಎರಡು ಮೂರು ವರ್ಷವಾದ ಮರಿಗಳನ್ನು ನೈರೋಬಿಯಿಂದ ತ್ಸಾವೊಗೆ, ವೋಯ್ ಅಥವಾ ಇಥುಂಬಾದ ಶಿಬಿರಗಳಿಗೆ ಸಾಗಿಸುತ್ತಾರೆ. ಹಗಲೆಲ್ಲ ಕಾಡಿನಲ್ಲಿ ಮೇಯುವುದು, ನೀರಿನ ಹೊಂಡದಲ್ಲಿ ಕಾಡಾನೆಗಳ ಪರಿಚಯ ಮಾಡಿಕೊಳ್ಳುವುದು, ರಾತ್ರಿ ಬೇಲಿಯೊಳಗೆ ಮರಳುವುದು. ಹೀಗೆ ನಡೆಯುತ್ತ, ಒಂದು ದಿನ ಒಂದು ಆನೆ ಸಂಜೆ ವಾಪಸಾಗುವುದಿಲ್ಲ, ಇಲ್ಲವೇ ನಾಲ್ಕು ದಿನ ಬಿಟ್ಟು ಬಂದು ಮತ್ತೆ ಹೋಗುತ್ತದೆ. ಯಾವಾಗ ಹೋಗಬೇಕೆಂಬ ನಿರ್ಧಾರ ಆನೆಯದೇ. ಕೆಲವಕ್ಕೆ ಹತ್ತು ವರ್ಷವೂ ಹಿಡಿಯುತ್ತದೆ. ಡ್ಯಾಫ್ನಿ ತೀರಿಕೊಳ್ಳುವ ಹೊತ್ತಿಗೆ ಅವರ ಟ್ರಸ್ಟ್ ಸಾಕಿದ್ದ ತಬ್ಬಲಿಗಳ ಸಂಖ್ಯೆ 230 ದಾಟಿತ್ತು. ಅವುಗಳಲ್ಲಿ ಹಲವು ಕಾಡಾನೆಗಳೊಂದಿಗೆ ಕೂಡಿ ಮರಿ ಹಾಕಿ, ಆ ಮರಿಗಳನ್ನು ಕರೆದುಕೊಂಡು ಹಳೆಯ ಪಾಲಕರ ಬಳಿಗೆ ಬಂದುಹೋದದ್ದೂ ಉಂಟು.

ಆನೆಯ ವಿಷಯದಲ್ಲಿ ಡ್ಯಾಫ್ನಿ ಎಲ್ಲವನ್ನೂ ಬಲ್ಲವರಾಗಿದ್ದರೆಂದೇನೂ ಅಲ್ಲ. 1994ರಲ್ಲಿ ತ್ಸಾವೊದಲ್ಲಿ ಹೆಣ್ಣಾನೆಯೊಂದನ್ನು ಎಲೆನರ್ ಎಂದೇ ತಿಳಿದು ಹೆಸರು ಹಿಡಿದು ಕರೆದು, ಹತ್ತಿರ ಹೋಗಿ ಮುಟ್ಟಿದರು. ಅದು ಎಲೆನರ್ ಆಗಿರಲಿಲ್ಲ. ಸೊಂಡಿಲಿನಿಂದ ಎತ್ತಿ ಬಂಡೆಗಳ ಮೇಲೆ ಎಸೆದ ರಭಸಕ್ಕೆ ಅವರ ಕಾಲಿನ ಮೂಳೆ ಪುಡಿಯಾಯಿತು, ಒಂದರ ಮೇಲೊಂದು ಶಸ್ತ್ರಚಿಕಿತ್ಸೆಗಳು ಬೇಕಾದವು. ಎಸೆದ ಮೇಲೆ ಆ ಆನೆ ದಂತಗಳನ್ನು ತನ್ನ ಮೈಯಡಿಗೆ ತೂರಿಸಿ ಎಬ್ಬಿಸಲು ನೋಡಿತೆಂದು ಅವರೇ ಹೇಳಿಕೊಂಡಿದ್ದಾರೆ. ಕೊಲ್ಲಬಹುದಾಗಿದ್ದ ಆನೆ ಕೊಲ್ಲಲಿಲ್ಲ ಎಂಬುದಷ್ಟೇ ಅವರ ಮನಸ್ಸಿನಲ್ಲಿ ಉಳಿದದ್ದು. ನನಗೆ ಇಲ್ಲಿ ಸ್ವಲ್ಪ ಅನುಮಾನವಿದೆ. ಆನೆಯ ಮನಸ್ಸಿನಲ್ಲಿ ಏನಿತ್ತೆಂದು ಹೇಳುವುದು ಯಾರಿಗೂ ಸುಲಭವಲ್ಲ. ಆನೆಗಳಿಗೆ ಮನುಷ್ಯರ ಭಾವನೆಗಳನ್ನು ಆರೋಪಿಸುತ್ತಾರೆಂಬ ಟೀಕೆಯನ್ನು ಡ್ಯಾಫ್ನಿ ಜೀವನವಿಡೀ ಕೇಳಿಸಿಕೊಂಡರು, ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನೊಂದು ಟೀಕೆಗೆ ಹೆಚ್ಚು ತೂಕವಿದೆ. ಒಂದೊಂದು ಮರಿಗೆ ಇಷ್ಟು ಹಣ, ಇಷ್ಟು ಜನ, ಇಷ್ಟು ವರ್ಷ ವ್ಯಯಿಸಿದರೆ ಒಟ್ಟು ಆನೆ ಸಂತತಿಗೆ ಏನು ಲಾಭ ಎಂದು ಕೇಳುವವರಿದ್ದಾರೆ. 1973ರಲ್ಲಿ ಸುಮಾರು 1,67,000 ಇದ್ದ ಕೆನ್ಯಾದ ಆನೆಗಳು 1989ರ ಹೊತ್ತಿಗೆ ಸುಮಾರು 16,000ಕ್ಕೆ ಇಳಿದಿದ್ದವು. ಇದು ದಂತದ ವ್ಯಾಪಾರ ಮಾಡಿದ ಹಾಳು. ಆ ವರ್ಷದ ಜುಲೈನಲ್ಲಿ ಅಧ್ಯಕ್ಷ ಮೊಯಿ ನೈರೋಬಿ ಉದ್ಯಾನದಲ್ಲಿ 12 ಟನ್ ದಂತಕ್ಕೆ ಬೆಂಕಿ ಹಚ್ಚಿದರು, ವರ್ಷದ ಕೊನೆಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂತು. ಆನೆಗಳನ್ನು ಉಳಿಸಿದ್ದು ಇಂಥ ನಿರ್ಧಾರಗಳೇ ಹೊರತು ಬಾಟಲಿಯ ಹಾಲಲ್ಲ ಎಂಬ ಮಾತನ್ನು ಲೆಕ್ಕದ ದೃಷ್ಟಿಯಿಂದ ಅಲ್ಲಗಳೆಯಲಾಗದು. ಆದರೆ ದಂತದ ವಿರುದ್ಧ ದನಿಯೆತ್ತಿದವರಲ್ಲಿ ಡ್ಯಾಫ್ನಿಯವರೂ ಒಬ್ಬರು. ಜನರಿಗೆ ಹತ್ತಾರು ಸಾವಿರದ ಅಂಕಿ ಅಷ್ಟಾಗಿ ತಟ್ಟುವುದಿಲ್ಲ, ಹೆಸರಿರುವ ಒಂದು ಮರಿ ತಟ್ಟುತ್ತದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಮರಿಗಳಿಗಾಗಿ ಬಂದ ದೇಣಿಗೆಯಿಂದಲೇ ಅವರ ಟ್ರಸ್ಟ್ ಉರುಳು ತೆಗೆಯುವ ಗಸ್ತು ತಂಡಗಳನ್ನೂ, ಕೆನ್ಯಾದ ವನ್ಯಜೀವಿ ಇಲಾಖೆಯ ಜೊತೆಗೂಡಿ ಸಂಚಾರಿ ಪಶುವೈದ್ಯ ಘಟಕಗಳನ್ನೂ ನಡೆಸಿತು.

ಅವರ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಧ್ಯಾಯವೂ ಇದೆ. ತ್ಸಾವೊ ಉದ್ಯಾನವಾಗುವ ಮುಂಚೆ ಅಲ್ಲಿ ವಾಟಾ ಎಂಬ ಬೇಟೆಗಾರ ಜನ ಉದ್ದನೆಯ ಬಿಲ್ಲು, ವಿಷ ಸವರಿದ ಬಾಣಗಳಿಂದ ಆನೆ ಬೇಟೆಯಾಡಿ ಬದುಕುತ್ತಿದ್ದರು. ಐವತ್ತರ ದಶಕದಲ್ಲಿ ಡೇವಿಡ್ ಮತ್ತು ಬಿಲ್ ವುಡ್ಲಿ ನಡೆಸಿದ ಕಳ್ಳಬೇಟೆ ವಿರೋಧಿ ಕಾರ್ಯಾಚರಣೆಯಲ್ಲಿ ಅವರಲ್ಲಿ ಅನೇಕರು ಜೈಲು ಸೇರಿದರು, ಒಂದು ಜೀವನಕ್ರಮವೇ ಮುರಿದುಬಿತ್ತು. ನಾಗರಹೊಳೆಯ ಜೇನುಕುರುಬರ ಸ್ಥಿತಿಯನ್ನು ಕಂಡಿರುವ ನಾವು ಈ ಭಾಗವನ್ನು ಓದಿ ಸುಮ್ಮನೆ ಮುಂದೆ ಹೋಗಲಾಗದು.

ಡ್ಯಾಫ್ನಿಯವರ ಕ್ರಮ ನಮ್ಮ ರಾಜ್ಯಕ್ಕೆ ಹಾಗೆಯೇ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಅರ್ಧ ಹೌದು, ಅರ್ಧ ಅಲ್ಲ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ತಾಯಿಯಿಂದ ಬೇರೆಯಾದ ಮರಿಗಳು ಇಲ್ಲೂ ಸಿಗುತ್ತವೆ. ಮರಳಿ ಹಿಂಡಿಗೆ ಸೇರಿಸುವ ಯತ್ನ ಫಲಿಸದಿದ್ದರೆ ಅವು ಆನೆ ಶಿಬಿರಕ್ಕೋ ಮೃಗಾಲಯಕ್ಕೋ ಹೋಗುತ್ತವೆ. ಶಿಬಿರದ ಪದ್ಧತಿ ನಿಂತಿರುವುದು ಒಂದು ಆನೆಗೆ ಒಬ್ಬ ಮಾವುತ, ಒಬ್ಬ ಕಾವಾಡಿ ಎಂಬ ಗಟ್ಟಿ ನಂಟಿನ ಮೇಲೆ. ಆಜ್ಞೆ ಕೇಳಿ ಕೆಲಸ ಮಾಡಬೇಕಾದ ಆನೆಗೆ ಅದೇ ಸರಿ, ನಮ್ಮ ಮಾವುತರು ಆನೆಯನ್ನು ಬಲ್ಲಷ್ಟು ಬೇರೆ ಯಾರೂ ಬಲ್ಲವರಲ್ಲ. ಪಾಲಕರನ್ನು ಸರದಿಯ ಮೇಲೆ ಬದಲಿಸುವ ಡ್ಯಾಫ್ನಿಯವರ ನಿಯಮ ಅದಕ್ಕೆ ತದ್ವಿರುದ್ಧವಾದದ್ದು, ಏಕೆಂದರೆ ಅವರ ಮರಿ ಮುಂದೊಂದು ದಿನ ಯಾವ ಮನುಷ್ಯನ ಮಾತನ್ನೂ ಕೇಳಬೇಕಾಗಿಲ್ಲ. ಅಂಥ ಮರಿಯನ್ನು ಬೆಳೆಸುವುದು ನಮ್ಮವರಿಂದ ಆಗದ ಕೆಲಸವೇನಲ್ಲ. ಬೆಳೆದ ಮೇಲೆ ಅದು ಹೋಗಬೇಕಾದ ಜಾಗದ ಮಾತು ಬೇರೆ. ಮನುಷ್ಯರಿಗೆ ಹೆದರದೆ ಬೆಳೆದ ಆನೆ ತ್ಸಾವೊದಲ್ಲಿ ದಿನಗಟ್ಟಲೆ ನಡೆದರೂ ಊರು ಸಿಗದಿರಬಹುದು; ಕಾಡಾನೆಗಳನ್ನೇ ಹಿಡಿದು ಬೇರೆಡೆಗೆ ಸಾಗಿಸಬೇಕಾಗಿ ಬಂದಿರುವ ಸಕಲೇಶಪುರ, ಆಲೂರು, ಕೊಡಗಿನ ಕಡೆ ಅದು ಬೆಳಗಾಗುವುದರೊಳಗೆ ಯಾರದೋ ಕಾಫಿ ತೋಟದಲ್ಲೋ ಗದ್ದೆಯಲ್ಲೋ ನಿಂತಿರುತ್ತದೆ.